ಸೋಮವಾರದ ಕೆರೆ

ಮುಚ್ಚಿಹೋದ ಕೆರೆ ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೆ ಮರಳಿ ಬಂದು ಎಂಟಕ್ಕೆ ಹೋಗುವುದು ಊರಿಗೆ ರೂಢಿಯಾಗಿತ್ತು. ಭಾನುವಾರವೇ ಜನ ಬೈಕುಗಳನ್ನು ದಿಬ್ಬಕ್ಕೆ ಸಾಗಿಸುತ್ತಿದ್ದರು. ಕೆರೆಯ ಮೇಲೆ ನಗರಸಭೆ ಕಟ್ಟಿಸಿದ ಮಳಿಗೆಗಳು ಮೂವತ್ತು ವರ್ಷಗಳಿಂದ ಬೀಗ ತೆರೆಯದೆ, ಎತ್ತರದ ಕಾಂಪೌಂಡಿನೊಳಗೆ ಜಾಲಿ ಬೆಳೆಸಿಕೊಂಡು ನಿಂತಿದ್ದವು. ಸೋಮವಾರ ಅವೂ ಮುಳುಗುತ್ತಿದ್ದವು.

ಹುಸೇನಬಿ ಈಚೆ ದಡದವಳು, ಗೆಳತಿ ಚಂಪವ್ವ ಆಚೆ ದಡದವಳು. ಹುಡುಗಿಯರಾಗಿದ್ದಾಗ ಇಬ್ಬರೂ ಸೋರೆಬುರುಡೆ ಕಟ್ಟಿಕೊಂಡು ಈಜಿ, ನಡುನೀರಿನಲ್ಲಿ ತಾವರೆಬೀಜ ಬಿಡಿಸಿ ತಿನ್ನುತ್ತಿದ್ದರು. ಈಗ ಕಾಂಪೌಂಡು ಸುತ್ತಿ ಹೋಗಲು ಮುಕ್ಕಾಲು ಗಂಟೆ ಬೇಕು. ಚಂಪವ್ವನ ಮೊಣಕಾಲು ಒಪ್ಪುವುದಿಲ್ಲ.

ಕೆರೆ ತಡೆಯುವ ಯಂತ್ರವನ್ನು ನಾಳೆ ಕೂರಿಸುತ್ತಾರೆಂಬ ಸುದ್ದಿ ಬಂದ ಸೋಮವಾರ ಹುಸೇನಬಿ ನೀರಿಗಿಳಿದು ಕೂಗಿದಳು: “ಚಂಪಾ, ಇದೊಂದ್ ಸಲ ಬಾರವ್ವಾ!”

ಚಂಪವ್ವ ಪ್ಲಾಸ್ಟಿಕ್ ಕೊಡ ತಬ್ಬಿಕೊಂಡು ತೇಲುತ್ತ ಬಂದಳು. ನಡುನೀರಿನಲ್ಲಿ ಕೈ ಹಿಡಿದುಕೊಂಡು ಇಬ್ಬರೂ ಸತ್ತವರನ್ನೆಲ್ಲ ನೆನೆದು ಅತ್ತರು, ನಕ್ಕರು.

“ಎಂಟಾಗಾಕ ಬಂತು, ಹೊರಗ ಬರ್ರಿ ಅಜ್ಜಿ!” ಯಂತ್ರದ ಜಾಗ ನೋಡಲು ಬಂದಿದ್ದ ಇಂಜಿನಿಯರ್ ದಡದಿಂದ ಕೂಗಿದ.

“ಬರೂದಿಲ್ಲ ಹೋಗಪಾ” ಎಂದಳು ಹುಸೇನಬಿ.

ಎಂಟಕ್ಕೆ ಕೆರೆ ಇಳಿದು ಇಬ್ಬರನ್ನೂ ಮಳಿಗೆಗಳ ಅಂಗಳದಲ್ಲಿ ಕೂರಿಸಿತು. ಗೇಟಿನ ಕೀಲಿ ನಗರಸಭೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಮಧ್ಯಾಹ್ನ ಜೆಸಿಬಿ ಬಂದು ಈಚೆಯ ಗೋಡೆ ಒಡೆಯಿತು, ಚಂಪವ್ವನ ಕಾಲು ನೋಡಿ ಆಚೆಯದನ್ನೂ ಒಡೆಯಿತು.

ಮರುದಿನ ಯಂತ್ರ ಕೂತಿತು, ಕೆರೆ ಮತ್ತೆ ಬರಲಿಲ್ಲ. ಗೆಳತಿಯರು ಈಗ ದಿನವೂ ಆ ಅಂಗಳದಲ್ಲಿ ಕೂರುತ್ತಾರೆ. ಒಡೆದ ಗೋಡೆ ಕಟ್ಟಲು ನಗರಸಭೆಗೆ ಇನ್ನೂ ಪುರಸೊತ್ತಾಗಿಲ್ಲ.