ಬ್ಯಾಟರಿ ಉಳಿಸಿದ ಮನೆ

“ಮುಂದಿನ ಬಾಗಿಲಿಗೆ ಬರಬೇಡಿ, ಹಿಂದುಗಡೆಯಿಂದ ಬನ್ನಿ. ಮುಂದೆ ಬಂದ್ರೆ ಕ್ಯಾಮೆರಾ ಎಚ್ಚರ ಆಗುತ್ತೆ,” ಎಂದು ಷಡ್ಡಕ ಫೋನಿನಲ್ಲೇ ತಾಕೀತು ಮಾಡಿದ್ದ. ಹಾಗಾಗಿ ಸ್ಕೂಲ್ ಬಸ್ಸಿನ ಡ್ರೈವರ್, ಐವತ್ತು ದಾಟಿದ ಮರ್ಯಾದಸ್ಥ, ಗೋಡೆಗಳ ನಡುವಿನ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ಹೆಂಡತಿಯ ತಂಗಿಯ ಮನೆಗೆ ನುಗ್ಗಿದ. ಕಳ್ಳನನ್ನು ಹಿಡಿಯಲು ಹಾಕಿಸಿದ ಕ್ಯಾಮೆರಾಗೆ ಆಯಾಸವಾಗದಿರಲಿ ಎಂದು ನೆಂಟರು ಕಳ್ಳರ ದಾರಿ ಹಿಡಿಯಬೇಕಾಗಿತ್ತು.

ಹೆಂಡತಿಗೆ ಅವನು ಹೇಳಿ ಬಂದಿರಲಿಲ್ಲ. ಹೇಳಿದ್ದರೆ ರಂಪವಾಗುತ್ತಿತ್ತು. ತಂಗಿ ಜಾರಿ ಬಿದ್ದು ಕಾಲು ಮುರಿದುಕೊಂಡಳೆಂದು ಕೇಳಿದ ದಿನವೇ ಅವಳು ಡಬ್ಬಿಯಲ್ಲಿ ಊಟ ತುಂಬಿಕೊಂಡು ಇಲ್ಲಿಗೆ ಓಡಿಬಂದಿದ್ದಳು. ಬೆಲ್ ಒತ್ತಿದಳು, ಬಾಗಿಲು ಬಡಿದಳು. ಒಳಗೆ ಟಿವಿ ಅಬ್ಬರಿಸುತ್ತಿತ್ತೇ ಹೊರತು ಯಾರೂ ಏಳಲಿಲ್ಲ. “ನಾನು ಅಂತ ಗೊತ್ತಿದ್ದೇ ಬಾಗಿಲು ತೆಗೀಲಿಲ್ಲ. ಇನ್ನು ಆ ಮನೆ ಹೊಸ್ತಿಲು ತುಳಿದ್ರೆ ಕೇಳಿ,” ಎಂದು ಮನೆಗೆ ಬಂದು ಡಬ್ಬಿ ಕುಕ್ಕಿದ್ದಳು. ಇತ್ತ ತಂಗಿ, ಒಡಹುಟ್ಟಿದ ಅಕ್ಕ ಒಂದು ದಿನ ಇಣುಕಿಯೂ ನೋಡಲಿಲ್ಲವೆಂದು ಮಲಗಿದಲ್ಲಿಂದಲೇ ನೆಂಟರಿಗೆಲ್ಲ ಫೋನು ಮಾಡಿದಳು. ಇಬ್ಬರಲ್ಲಿ ಒಬ್ಬಳು ಸುಳ್ಳಿ ಎಂದು ನೆಂಟರು ತೀರ್ಪು ಕೊಟ್ಟರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಅಕ್ಕತಂಗಿಯರ ಜಗಳಕ್ಕೆ ಅಂಥ ಗಡುವಿಲ್ಲ. ಕೆಲಸ ಮಾಡುತ್ತಾ ಏನಾದರೊಂದು ಗುನುಗುತ್ತಿದ್ದ ಹೆಂಡತಿ ಈಗ ಪಾತ್ರೆ ಸದ್ದು ಮಾತ್ರ ಮಾಡುತ್ತಿದ್ದಳು. ಅದನ್ನು ಕೇಳಿ ಕೇಳಿ ಡ್ರೈವರನಿಗೆ ಸಂಕಟವಾಗುತ್ತಿತ್ತು. ಆದರೆ ನಡುವೆ ಬಾಯಿ ಹಾಕುವಷ್ಟು ಧೈರ್ಯ ಅವನಿಗಿರಲಿಲ್ಲ.

ಇವತ್ತು ಬಂದದ್ದೂ ರಾಜಿ ಮಾಡಿಸುವುದಕ್ಕಲ್ಲ, ಬ್ಯಾಟರಿ ವಿಷಯಕ್ಕೆ. ಷಡ್ಡಕರಿಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಥರದ ಕ್ಯಾಮೆರಾ ತಂದಿದ್ದರು. ಇವನದು ವಾರಕ್ಕೊಮ್ಮೆ ಪ್ರಾಣ ಬಿಡುತ್ತಿತ್ತು, ಅವನದು ಗುಂಡುಕಲ್ಲಿನ ಹಾಗಿತ್ತು. ಷಡ್ಡಕ ಮನೆಮನೆಯ ನೀರಿನ ಮೀಟರ್ ಓದುವ ಕೆಲಸದವನು. ಏನು ಖರ್ಚಾದರೂ ತನ್ನ ರಕ್ತವೇ ಹೋದಂತೆ ನರಳುತ್ತಿದ್ದ. ನೆಂಟರ ಬಾಯಲ್ಲಿ ಅವನ ಹೆಸರೇ ಮೀಟರ್.

“ತೊಂಬತ್ತೊಂದು ಪರ್ಸೆಂಟ್!” ಮೀಟರ್ ತನ್ನ ಫೋನನ್ನು ಡ್ರೈವರನ ಮೂಗಿಗೇ ಹಿಡಿದ. “ಚಾರ್ಜ್ ಮಾಡಿ ಎಷ್ಟು ತಿಂಗಳಾಯ್ತೋ ನನಗೇ ನೆನಪಿಲ್ಲ.”

“ಅದೇನು ಮಾಟ ಮಾಡಿಸಿದ್ದೀರಿ ಷಡ್ಡಕರೇ?”

“ಮಾಟ ಅಲ್ಲ, ಶಿಸ್ತು. ವಿಡಿಯೊ ಹತ್ತೇ ಸೆಕೆಂಡು. ಒಂದು ತೆಗೆದ್ರೆ ಐದು ನಿಮಿಷ ಅದಕ್ಕೆ ನಿದ್ದೆ. ನಮ್ಮ ಓಡಾಟ ಎಲ್ಲ ಹಿಂದಿನ ಬಾಗಿಲಲ್ಲಿ.” ಮೀಟರ್ ದನಿ ತಗ್ಗಿಸಿದ. “ಇನ್ನೊಂದು ಗುಟ್ಟಿದೆ. ಬೆಲ್ಲೂ ಅದರಲ್ಲೇ ಇದೆಯಲ್ಲ, ಅದು ಬ್ಯಾಟರೀನ ಕುಡಿದುಬಿಡುತ್ತೆ ರೀ. ತಂದ ದಿನಾನೇ ಆಫ್ ಮಾಡಿಬಿಟ್ಟೆ.”

ಡ್ರೈವರ್ ಕುರ್ಚಿಯಲ್ಲಿ ನೆಟ್ಟಗಾದ. “ಬೆಲ್ ಆಫ್ ಮಾಡಿದ್ದೀರಾ? ಮತ್ತೆ ಯಾರಾದ್ರೂ ಬಂದ್ರೆ ಗೊತ್ತಾಗೋದು ಹೇಗೆ?”

“ರೆಕಾರ್ಡ್ ಆಗಿರುತ್ತಲ್ಲ!”

“ಅದನ್ನ ನೋಡ್ತೀರಾ?”

“ಒಳ್ಳೆ ಕಥೆ. ನೋಡಿದ್ರೆ ಕ್ಯಾಮೆರಾ ಬ್ಯಾಟರಿ ಹೋಗಲ್ವೇನ್ರೀ?”

ಡ್ರೈವರ್ ಫೋನನ್ನು ಅವನ ಕೈಯಿಂದ ಕಿತ್ತುಕೊಂಡ. ಒಂದರ ಕೆಳಗೊಂದು ಪುಟ್ಟ ಪುಟ್ಟ ಚಿತ್ರಗಳಿದ್ದವು. ಬೆಕ್ಕು, ಬೆಕ್ಕು, ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ, ಮತ್ತೆ ಅದೇ ಬೆಕ್ಕು. ತುಂಬ ಕೆಳಗೆ, ಕೈಯಲ್ಲಿ ಡಬ್ಬಿ ಹಿಡಿದು ನಿಂತ ಅವನ ಹೆಂಡತಿ. ಮೀಟರ್ “ಅಯ್ಯಯ್ಯೋ” ಎಂದು ಕೈ ಚಾಚುವಷ್ಟರಲ್ಲಿ ಅವನು ಒತ್ತಿಯಾಗಿತ್ತು.

“ಏ ಪುಟ್ಟಿ,” ಎಂದಿತು ಫೋನು, “ಕಾಲು ಹೇಗಿದೆಯೇ? ಅವಸರ ಮಾಡ್ಬೇಡ, ನಿಧಾನಕ್ಕೆ ಗೋಡೆ ಹಿಡ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ...” ಹತ್ತು ಸೆಕೆಂಡು ಮುಗಿಯಿತು.

ಒಳಕೋಣೆಯಿಂದ ಊರುಗೋಲಿನ ಸದ್ದು ಬಂತು. ಬಾಗಿಲಲ್ಲಿ ನಾದಿನಿ ನಿಂತಿದ್ದಳು. “ಅದು ಅಕ್ಕನ ದನಿ ಅಲ್ವಾ ಭಾವ?”

ಅವನು ಫೋನನ್ನು ಅವಳ ಕೈಗೆ ಕೊಟ್ಟ. ಅವಳು ನೋಡಿದಳು. ಐದು ನಿಮಿಷದ ನಂತರದ ವಿಡಿಯೊದಲ್ಲಿ ಅಕ್ಕ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಅದರ ಮುಂದಿನದರಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು, ಡಬ್ಬಿ ತೊಡೆಯ ಮೇಲಿತ್ತು. ಅದರ ಮುಂದಿನದರಲ್ಲೂ ಹಾಗೇ ಕೂತಿದ್ದಳು. ಆಮೇಲಿನದು ಬೆಕ್ಕು. ನಾದಿನಿ ಮತ್ತೆ ಮೊದಲಿನದನ್ನು ಒತ್ತಿದಳು, ಮತ್ತೆ ಒತ್ತಿದಳು. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

“ಎಂಬತ್ತೊಂಬತ್ತಕ್ಕೆ ಬಂತು,” ಎಂದ ಮೀಟರ್, ಮೆಲ್ಲಗೆ.

ಅವಳು ನೋಡಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ. “ಅಕ್ಕನಿಗೆ ಫೋನ್ ಹಚ್ಚಿ ಭಾವ,” ಎಂದಳು. “ನಾನು ಮಾಡಿದ್ರೆ ಅವಳು ಎತ್ತಲ್ಲ.”

ಡ್ರೈವರ್ ಹೆಂಡತಿಗೆ ಫೋನು ಮಾಡಿದ. ಎಲ್ಲಿದ್ದೀರಿ, ಯಾರನ್ನ ಕೇಳಿ ಹೋದ್ರಿ ಎಂಬ ಅವಳ ಎರಡು ಪ್ರಶ್ನೆಗಳನ್ನು ನುಂಗಿಕೊಂಡು, ನಡೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದ. ಆ ಕಡೆಯಿಂದ, “ಬಂದೆ. ಆ ನಿಮ್ಮ ಷಡ್ಡಕನ್ನ ಎಲ್ಲೂ ಹೋಗಕ್ಕೆ ಬಿಡಬೇಡಿ,” ಎಂಬ ಮಾತು ಮೀಟರನಿಗೂ ಕೇಳಿಸುವಷ್ಟು ಜೋರಾಗಿ ಬಂತು.

ನಾದಿನಿ ಅಷ್ಟರಲ್ಲಿ ಮುಂದಿನ ಬಾಗಿಲಿಗೆ ಹೋಗಿದ್ದಳು. ಬಳಸದೆ ಬಿಗಿದುಕೊಂಡಿದ್ದ ಚಿಲಕವನ್ನು ಊರುಗೋಲಿನಿಂದಲೇ ಬಡಿದು ಬಿಡಿಸಿದಳು. ಎರಡೂ ಕದ ತೆರೆದು, ಕುರ್ಚಿ ಎಳೆದು ಹೊಸ್ತಿಲಾಚೆ ಹಾಕಿ, ಬೀದಿಯ ಕೊನೆ ನೋಡುತ್ತಾ ಕೂತಳು. ತಲೆಯ ಮೇಲೆ ಕ್ಯಾಮೆರಾ ಕಣ್ಣು ಬಿಟ್ಟಿತು. ಅದರ ಕೆಂಪು ದೀಪ ಮಿನುಗತೊಡಗಿತು.

ಮೀಟರ್ ಒಳಗಿನಿಂದಲೇ ಕೈ ಮುಗಿದ. “ಕೂತ್ಕೊಳ್ಳೇ, ಬೇಡ ಅಂತ ಯಾರು ಅಂದ್ರು? ಆದ್ರೆ ಅಲ್ಲಾಡದೆ ಕೂತ್ಕೊ!”