ಮಾರನೇ ದಿನದ ಗುಡ್ ಮಾರ್ನಿಂಗ್

"ಮಾರನೇ ದಿನ ಬ್ರೆಡ್ ಅಂಗಡಿ ಮುಂದೆ ಆ ಹುಡುಗಿ ಅವನಿಗೆ ಗುಡ್ ಮಾರ್ನಿಂಗ್ ಹೇಳಿದ್ಲು. ಅಲ್ಲಿಗೆ ಮುಗೀತು!" ಎರ್ಮಿನ್ ಕಡ್ಡಿ ಮುರಿದಂತೆ ಹೇಳಿದಳು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು. ಅವಳಿಗೆ ಎದುರಾಡುವ ಗಂಡಸರು ಟೊಬೇಗೋ ದ್ವೀಪದಲ್ಲೇ ಕಡಿಮೆ.

ಅತ್ಯಾಚಾರದ ಕೇಸು. ತೀರ್ಮಾನಕ್ಕೆಂದು ಕೋಣೆಯಲ್ಲಿ ಕೂತ ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಮಂದಿ ಆರೋಪಿಯನ್ನು ಬಿಟ್ಟುಬಿಡೋಣ ಎಂದಾಗಿತ್ತು. ಒಪ್ಪದೆ ಕೂತವಳು ಜೂನೆಲ್ ಎಂಬ ನರ್ಸ್ ಒಬ್ಬಳೇ. ಜ್ಯೂರಿಯ ಮುಖ್ಯಸ್ಥ ಆರ್ವಿಲ್‌ಗೆ ನಾಲ್ಕು ಗಂಟೆಯ ಹಡಗು ತಪ್ಪುವ ಚಿಂತೆ. ಐದನೇ ಸಲ ಗಡಿಯಾರ ನೋಡಿದ.

"ಎದುರಿಗೆ ಬಂದ್ರೆ ಹೇಳ್ದೆ ಇರೋಕಾಗುತ್ತಾ ಆಂಟೀ?" ಎಂದಳು ಜೂನೆಲ್. "ಹೇಳ್ದಿದ್ರೆ ಇಡೀ ಓಣಿ ಯಾಕೆ ಅಂತ ಕೇಳುತ್ತೆ."

"ಕೇಳ್ಲಿ! ನಿಜವಾಗ್ಲೂ ಆಗಿದ್ರೆ ಮುಖಕ್ಕೆ ಉಗೀಬೇಕಿತ್ತು."

"ನೀವಾಗಿದ್ರೆ ಉಗೀತಿದ್ರಾ?"

ಎರ್ಮಿನ್ ಮೇಜು ಗುದ್ದಿದಳು. "ನನ್ನ ಮಾತ್ಯಾಕೆ? ನಾನೇನು ಕೋರ್ಟಿಗೆ ಓಡಿದ್ನಾ? ನಮ್ಮ ಚರ್ಚಿನ ಹಿರಿಯನಿಗೆ ಇಪ್ಪತ್ತಾರು ವರ್ಷ, ಒಂದು ದಿನಾನೂ ಬಿಡ್ದೆ ಗುಡ್ ಮಾರ್ನಿಂಗ್ ಹೇಳಿದೀನಿ. ಅವನ ಹೆಣದ ಮುಂದೆ ನಿಂತು ಹಾಡಿದೀನಿ. ಏನಾಯ್ತೀಗ? ಸತ್ತೋದ್ನಾ ನಾನು?"

ಮಾತು ಹೊರಬಿದ್ದ ಮೇಲೆಯೇ ಅವಳ ಕಿವಿಗೆ ಅದು ಕೇಳಿಸಿದ್ದು. ಸತ್ತ ಗಂಡನಿಗೂ ಹೇಳದ ಸಂಗತಿ. ನಾಚಿಕೆಯಾಯಿತು, ನಾಚಿಕೆಯಾಯಿತಲ್ಲ ಎಂದು ಸಿಟ್ಟೂ ಬಂತು.

"ಎಷ್ಟು ವಯಸ್ಸಾಗಿತ್ತು ಆಂಟೀ?" ಜೂನೆಲ್ ಮೆಲ್ಲಗೆ ಕೇಳಿದಳು.

"ಹದಿನೇಳು." ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿಬಂತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆರ್ವಿಲ್, "ಬಿಟ್ಟುಬಿಡೋಣ ಅನ್ನೋರು ಇನ್ನೊಂದ್ಸಲ ಕೈ ಎತ್ತಿ," ಎಂದ. ಅವನ ಕೈಯೇ ಮೇಲೇಳಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿ ಕೋರ್ಟಿನ ಪೇದೆ ತಲೆ ಒಳಗೆ ಹಾಕಿದ. "ಗುಡ್ ಆಫ್ಟರ್‌ನೂನ್ ಎಲ್ರಿಗೂ! ತೀರ್ಮಾನ ಆಯ್ತಾ?"

ಎರ್ಮಿನ್ ಸರಕ್ಕನೆ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. "ಗುಡ್ ಆಫ್ಟರ್‌ನೂನ್, ಮಗಾ," ಎಂದು ಬಾಯಿ ತುಂಬ ನಕ್ಕಳು.

ಉಳಿದ ಎಂಟು ಮಂದಿ ಆ ನಗುವನ್ನೇ ನೋಡುತ್ತಿದ್ದರು. ಪೇದೆಗೆ ಏನೊಂದೂ ಗೊತ್ತಾಗಲಿಲ್ಲ.