ಮಲವಗೊಪ್ಪದಲ್ಲಿ ಪಂಕ್ಚರ್

ಸಾವಧಾನಚಿತ್ತರಾದ ವಾಚಕ ಮಹಾಶಯರೇ, ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್ ಸ್ಪರ್ಧೆಯಲ್ಲಿ ಈಜನ್ನು ಎಲ್ಲರಿಗಿಂತ ಮೊದಲು ಮುಗಿಸಿದ್ದ ಸಿಂಚನಾ ಈಗ ಮಲವಗೊಪ್ಪದ ರಸ್ತೆಬದಿಯಲ್ಲಿ, ಪಂಕ್ಚರಾದ ಸೈಕಲ್ಲಿನ ಮುಂದೆ ಕುಳಿತಿದ್ದಳು. ಕೈಯಲ್ಲಿ ಹೊಸ ಟ್ಯೂಬಿತ್ತು. ಟೈರು ಬಿಚ್ಚಲು ಮಾತ್ರ ಬರುತ್ತಿರಲಿಲ್ಲ. ಭದ್ರಾವತಿಯಲ್ಲಿ ಮೂವತ್ತು ವರ್ಷದಿಂದ ಸೈಕಲ್ ಶಾಪ್ ನಡೆಸುತ್ತಿರುವ ಅವಳ ತಂದೆ ಕಲ್ಲೇಶಪ್ಪನವರು ರೇಸು ನೋಡಲು ನಿಂತಿದ್ದ ಜನರ ನಡುವಿನಿಂದ ಓಡಿಬಂದರು.

“ಮುಟ್ಬೇಡಿ ಅಪ್ಪಾಜಿ! ಬೇರೆಯವರು ಕೈ ಹಾಕಿದ್ರೆ ರೇಸಿಂದ ತೆಗೀತಾರೆ.”

“ನಾನೇನು ಬೇರೆಯವನಾ, ಮಾರಾಯ್ತಿ?” ಎನ್ನುತ್ತಲೇ ಅವರು ಟೈರು ಕಳಚಿ, ಟ್ಯೂಬು ಕೂರಿಸಿ, ಗಾಳಿ ತುಂಬಿದರು. “ನೋಡು, ಎರಡೇ ನಿಮಿಷ!”

ಬೈಕಿನಲ್ಲಿ ಬಂದು ಪಕ್ಕದಲ್ಲೇ ನಿಂತಿದ್ದ ರೇಸಿನ ತೀರ್ಪುಗಾರ ಪಟ್ಟಿಯಲ್ಲಿ ಅವಳ ನಂಬರಿನ ಮೇಲೆ ಗೆರೆ ಎಳೆದ.

“ಕಲಿಸಿ ಅಂತ ಎಷ್ಟು ಸಲ ಕೇಳಿದ್ದೆ?”

“ಹೆಣ್ಮಗಳ ಕೈಗೆ ಗ್ರೀಸ್ ಯಾಕೆ ಅಂತ…”

ಸಿಂಚನಾ ಹೆಲ್ಮೆಟ್ಟು ಕಳಚಿ ಅವರ ಕೈಗಿತ್ತು, ಸೈಕಲ್ಲನ್ನು ಅಲ್ಲೇ ಬಿಟ್ಟು, ಭದ್ರಾವತಿಗೆ ಬೆನ್ನು ಹಾಕಿ ಶಿವಮೊಗ್ಗದ ಕಡೆಗೆ ನಡೆದಳು.